ಬಾಳೆಕಾಯಿ, ಹೀರೆಕಾಯಿ ಬಜ್ಜಿ: ಕರಿದ ಮೇಲೆ ಉಳಿಯುವ ಪೋಷಕಾಂಶವೆಷ್ಟು, ಈ ತಿಂಡಿಯ ಮೂಲ ಯಾವುದು?

ಹೀರೆಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹಿಡಿಯಿತೆಂದರೆ ಸಂಜೆಯ ಕಾಫಿಯ ಜೊತೆಗೆ ವಾರಕ್ಕೆ ಎರಡು ಸಲವಾದರೂ ಬಜ್ಜಿ ಕರಿಯುವುದು ನಮ್ಮ ಮನೆಯಲ್ಲಿ ಮೊದಲಿನಿಂದ ನಡೆದುಬಂದ ರೂಢಿ. ಹಿತ್ತಿಲಲ್ಲಿ ಬಿಟ್ಟ ಹೀರೆಕಾಯಿ, ಬಾಳೆಕಾಯಿ, ಒಮ್ಮೊಮ್ಮೆ ದೊಡ್ಡಪತ್ರೆಯ ಎಲೆ, ಹೀಗೆ ಕೈಗೆ ಸಿಕ್ಕಿದ್ದನ್ನು ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿಯುತ್ತೇವೆ. ನಮ್ಮ ತಂದೆಯವರಿಗೆ ಈಗ 68 ವರ್ಷ. ಕಳೆದ ತಿಂಗಳು ರಕ್ತಪರೀಕ್ಷೆ ಮಾಡಿಸಿದಾಗ ಕೊಬ್ಬಿನ ಅಂಶ ಹೆಚ್ಚಾಗಿರುವುದು ಗೊತ್ತಾಗಿ, ಕರಿದ ಪದಾರ್ಥಗಳನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ತಂದೆಯವರು ಮಾತ್ರ, ಒಳಗಿರುವುದು ತರಕಾರಿ, ಮೇಲಿರುವುದು ಕಡಲೆ, ಇವೆರಡರಲ್ಲಿ ಕೆಟ್ಟದ್ದು ಯಾವುದು ಎಂದು ಕೇಳುತ್ತಾರೆ. ಅವರಿಗೆ ಕೊಡಲು ನನ್ನಲ್ಲಿ ಸರಿಯಾದ ಉತ್ತರವಿಲ್ಲ.

ಒಂದು ಬಜ್ಜಿಯಲ್ಲಿ ತರಕಾರಿಯಿಂದ ಬರುವುದೆಷ್ಟು, ಹಿಟ್ಟಿನಿಂದ ಬರುವುದೆಷ್ಟು, ಎಣ್ಣೆಯಿಂದ ಬರುವುದೆಷ್ಟು ಎಂಬುದನ್ನು ಯಾರಾದರೂ ಲೆಕ್ಕ ಹಾಕಿ ತಿಳಿಸಿದರೆ ಉಪಕಾರವಾಗುತ್ತದೆ. ಹಾಗೆಯೇ ಇನ್ನೊಂದು ಕುತೂಹಲವೂ ಇದೆ. ಉಡುಪಿ ಕಡೆಯಿಂದ ಬಂದಿರುವ ನಮ್ಮ ಅತ್ತಿಗೆ ಇದನ್ನು ಪೋಡಿ ಎನ್ನುತ್ತಾರೆ, ಮೈಸೂರಿನಲ್ಲಿರುವ ಚಿಕ್ಕಮ್ಮ ಬೋಂಡ ಎನ್ನುತ್ತಾರೆ, ನಾವು ಬಜ್ಜಿ ಎನ್ನುತ್ತೇವೆ. ಇವೆಲ್ಲ ಒಂದೇ ತಿಂಡಿಯ ಬೇರೆ ಬೇರೆ ಹೆಸರುಗಳೋ, ಅಥವಾ ಬೇರೆ ಬೇರೆ ಅಡುಗೆಗಳೋ?

ಅಳತೆಬಟ್ಟಲು

ನಾನು ಹಲವು ವರ್ಷ ಗೃಹವಿಜ್ಞಾನವನ್ನು ಪಾಠ ಮಾಡಿದವಳು. ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿನಿ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಳು. ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದ ಆ ಅರ್ಧದಿಂದಲೇ ಆರಂಭಿಸುತ್ತೇನೆ.

100 ಗ್ರಾಂ ಕಡಲೆ ಹಿಟ್ಟಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಸುಮಾರು 10 ಗ್ರಾಂ ನಾರು ಮತ್ತು ಹತ್ತಿರ ಹತ್ತಿರ 390 ಕಿಲೊಕ್ಯಾಲೊರಿ ಇರುತ್ತವೆ. ಹಿಟ್ಟನ್ನು ತೆಳುವಾಗಿ ಕಲೆಸಿದರೆ ಅಷ್ಟರಲ್ಲಿ 20 ಬಜ್ಜಿಗಳಾಗುತ್ತವೆ ಎಂದು ಇಟ್ಟುಕೊಳ್ಳೋಣ. ಆಗ ಒಂದು ಬಜ್ಜಿಗೆ ಅಂಟುವ ಹಿಟ್ಟು 5 ಗ್ರಾಂ, ಅದರಿಂದ ಬರುವ ಶಕ್ತಿ ಸುಮಾರು 19 ಕಿಲೊಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಹೀರೆಕಾಯಿಯ ತೂಕದಲ್ಲಿ ಶೇ. 90ಕ್ಕಿಂತ ಹೆಚ್ಚು ಪಾಲು ನೀರು. 10 ಗ್ರಾಂ ತೂಕದ ಒಂದು ಬಿಲ್ಲೆ ಕೊಡುವುದು ಸುಮಾರು ಎರಡು ಕಿಲೊಕ್ಯಾಲೊರಿ ಮಾತ್ರ. ಇನ್ನು ಎಣ್ಣೆಯ ವಿಷಯ. ಒಂದು ಗ್ರಾಂ ಕೊಬ್ಬು 9 ಕಿಲೊಕ್ಯಾಲೊರಿ ಕೊಡುತ್ತದೆ. ಒಂದು ಬಜ್ಜಿ 4 ಗ್ರಾಂ ಎಣ್ಣೆ ಹೀರಿಕೊಂಡರೆ 36 ಕಿಲೊಕ್ಯಾಲೊರಿಯಾಯಿತು. ಅಂದರೆ ಸುಮಾರು 57 ಕಿಲೊಕ್ಯಾಲೊರಿಯ ಒಂದು ಬಜ್ಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯದೇ, ಮೂರನೆಯ ಒಂದು ಪಾಲು ಕಡಲೆಯದು, ತರಕಾರಿಯದು ಇಲ್ಲವೆಂದರೂ ನಡೆಯುತ್ತದೆ. ಬಾಳೆಕಾಯಿ ಅಥವಾ ಆಲೂಗಡ್ಡೆಯಾದರೆ ಅವುಗಳಲ್ಲಿರುವ ಪಿಷ್ಟದಿಂದಾಗಿ ತರಕಾರಿಯ ಪಾಲು ಸ್ವಲ್ಪ ಏರುತ್ತದೆ.

ಇಲ್ಲಿ 4 ಗ್ರಾಂ ಎಂದದ್ದು ಉದಾಹರಣೆಗಾಗಿ ಹಿಡಿದ ಅಳತೆ. ನಿಮ್ಮ ಮನೆಯ ಬಜ್ಜಿಯದು ಎಷ್ಟೆಂದು ತಿಳಿಯಬೇಕಾದರೆ, ಕರಿಯುವ ಮೊದಲು ಎಣ್ಣೆಯ ಸಮೇತ ಬಾಣಲೆಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿ, ಕರಿದು ಮುಗಿದು ಎಣ್ಣೆ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ತೂಗಿ, ವ್ಯತ್ಯಾಸವನ್ನು ಬಜ್ಜಿಗಳ ಸಂಖ್ಯೆಯಿಂದ ಭಾಗಿಸಬೇಕು. ತಳದಲ್ಲಿ ಉಳಿಯುವ ಹಿಟ್ಟಿನ ಕಾಳುಗಳಿಂದ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಂದಾಜಿಗೆ ಇದು ಸಾಕು. ತಂದೆಯವರ ಎದುರಿನಲ್ಲೇ ತೂಗಿದರೆ ನನ್ನ ಈ ಇಡೀ ಬರಹಕ್ಕಿಂತ ಅದು ಹೆಚ್ಚು ಪರಿಣಾಮ ಬೀರೀತು.

ಈ 4 ಗ್ರಾಂ ಎನ್ನುವುದು 2 ಆಗಬಹುದು, 6 ಕೂಡ ಆಗಬಹುದು. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಕರಿಯುವವರ ಕೈ. ಎಣ್ಣೆಯು 170ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದಿರುವಾಗ ಬಜ್ಜಿಯನ್ನು ಬಿಟ್ಟರೆ, ಹಿಟ್ಟಿನಲ್ಲೂ ತರಕಾರಿಯಲ್ಲೂ ಇರುವ ನೀರು ಕುದಿದು ಆವಿಯಾಗಿ ಹೊರಕ್ಕೆ ನುಗ್ಗುತ್ತದೆ. ನಾವು ನೋಡುವ ಗುಳ್ಳೆಗಳೆಲ್ಲ ಆ ಆವಿಯೇ. ಆವಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಹೋಗಲು ಹೆಚ್ಚು ಅವಕಾಶವಿರುವುದಿಲ್ಲ. ಎಣ್ಣೆಯ ದೊಡ್ಡ ಪಾಲು ಒಳಗೆ ಹೋಗುವುದು ಬಜ್ಜಿಯನ್ನು ಬಾಣಲೆಯಿಂದ ಮೇಲೆತ್ತಿದ ನಂತರ: ಒಳಗಿನ ಆವಿ ತಣಿದು ನೀರಾದಾಗ ಅಲ್ಲಿ ಒತ್ತಡ ಕುಸಿಯುತ್ತದೆ, ಮೇಲ್ಮೈಯಲ್ಲಿ ಅಂಟಿರುವ ಎಣ್ಣೆಯನ್ನು ಆ ಸಣ್ಣ ರಂಧ್ರಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿ ಬಾಣಲೆಯ ಅಂಚಿನಲ್ಲಿ ಚೆನ್ನಾಗಿ ಬಸಿದು, ಬಿಸಿ ಇರುವಾಗಲೇ ಕಾಗದದ ಮೇಲೆ ಒಂದೊಂದಾಗಿ ಹರಡಬೇಕೇ ಹೊರತು ಒಂದರ ಮೇಲೊಂದು ಒಟ್ಟಬಾರದು. ಕಾಗದವೆಂದರೆ ಅಚ್ಚು ಹಾಕದ ಕಾಗದ; ಸುದ್ದಿಪತ್ರಿಕೆಯ ಮಸಿ ಬಿಸಿ ಎಣ್ಣೆಯಲ್ಲಿ ಕರಗಿ ತಿಂಡಿಗೆ ಅಂಟುತ್ತದೆ.

ಅಡುಗೆ ಸೋಡಾದ ವಿಷಯದಲ್ಲಿ ನಾನು ಕಟ್ಟುನಿಟ್ಟಿನವಳು. ಸೋಡಾ ಹೆಚ್ಚಾದಷ್ಟೂ ಹೊರಪದರ ಉಬ್ಬಿ ಸ್ಪಂಜಿನಂತಾಗುತ್ತದೆ, ಸ್ಪಂಜು ಎಣ್ಣೆ ಕುಡಿಯುತ್ತದೆ. ಅಷ್ಟೇ ಅಲ್ಲ, ಕ್ಷಾರದಲ್ಲಿ ಬಿಸಿಯಾದರೆ ಬಿ1 ಜೀವಸತ್ವ ಬೇಗ ನಾಶವಾಗುತ್ತದೆ, ಮತ್ತು ಬೇಳೆಕಾಳುಗಳಿಂದ ನಮಗೆ ದೊರಕುವ ಮುಖ್ಯ ಜೀವಸತ್ವಗಳಲ್ಲಿ ಅದೂ ಒಂದು. ಗರಿಗರಿ ಬೇಕಾದರೆ ನಾಲ್ಕು ಪಾಲು ಕಡಲೆ ಹಿಟ್ಟಿಗೆ ಒಂದು ಪಾಲು ಅಕ್ಕಿ ಹಿಟ್ಟು ಸೇರಿಸಿದರೆ ಸಾಕು. ಹಿಟ್ಟು ತೀರಾ ನೀರಾದರೂ ತೊಂದರೆ, ತೀರಾ ಗಟ್ಟಿಯಾದರೂ ತೊಂದರೆ: ನೀರಾದರೆ ಹೊರಪದರ ಹರಿದು ತರಕಾರಿ ನೇರವಾಗಿ ಎಣ್ಣೆಗೆ ತೆರೆದುಕೊಳ್ಳುತ್ತದೆ, ಗಟ್ಟಿಯಾದರೆ ಹೊರಗೆ ಕೆಂಪಗಾಗಿ ಒಳಗೆ ಹಸಿಹಿಟ್ಟು ಉಳಿಯುತ್ತದೆ. ಬಿಲ್ಲೆಯನ್ನು ಅದ್ದಿ ಎತ್ತಿದಾಗ ತರಕಾರಿಯ ಬಣ್ಣ ಮಸುಕಾಗಿ ಕಾಣುವಂತಿದ್ದರೆ ಅದೇ ಹದ.

ಜೀವಸತ್ವಗಳ ಬಗ್ಗೆ ಒಂದು ಮಾತು. ಕರಿಯುವುದರಿಂದ ತರಕಾರಿಯ ಸತ್ವವೆಲ್ಲ ಸತ್ತುಹೋಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬೇಯಿಸಿ ನೀರು ಚೆಲ್ಲಿದಾಗ ಸಿ ಜೀವಸತ್ವ ಆ ನೀರಿನಲ್ಲಿ ಕರಗಿ ಹೋಗುತ್ತದೆ. ಕರಿಯುವಾಗ ಹಾಗೆ ಬಸಿದುಹೋಗುವ ನೀರಿಲ್ಲ, ಹೊತ್ತೂ ಕೆಲವೇ ನಿಮಿಷ. ಬಿಸಿಗೆ ಒಂದಷ್ಟು ಹಾಳಾಗುವುದು ನಿಜ. ಹಳದಿ, ಕಿತ್ತಳೆ ಬಣ್ಣದ ತರಕಾರಿಗಳಲ್ಲಿರುವ ಕ್ಯಾರೊಟಿನ್ ಅಂತೂ ಸ್ವಲ್ಪ ಕೊಬ್ಬಿನ ಜೊತೆಗಿದ್ದರೇ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಆದರೆ ಇದನ್ನು ಬಜ್ಜಿ ತಿನ್ನಲು ಕಾರಣವಾಗಿ ಹೇಳಲಾರೆ, ಏಕೆಂದರೆ ಅದಕ್ಕೆ ಪಲ್ಯದ ಒಗ್ಗರಣೆಯಲ್ಲಿರುವ ಒಂದು ಚಮಚ ಎಣ್ಣೆಯೇ ಧಾರಾಳವಾಗಿ ಸಾಕಾಗುತ್ತದೆ.

ಜೀಗುಜ್ಜೆ

ನಿಮ್ಮ ಅತ್ತಿಗೆಯವರ ಪರವಾಗಿ ಕರಾವಳಿಯಿಂದ ನಾಲ್ಕು ಮಾತು. ನಮ್ಮಲ್ಲಿ ಪೋಡಿ ಎನ್ನುವ ಒಂದೇ ಹೆಸರಿನಲ್ಲಿ ಎರಡು ಅಡುಗೆಗಳಿವೆ, ನಿಮ್ಮ ತಂದೆಯವರ ದೃಷ್ಟಿಯಿಂದ ಆ ವ್ಯತ್ಯಾಸ ಬಹಳ ಮುಖ್ಯವಾದದ್ದು. ಒಂದು, ಕಡಲೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದು. ಹೋಟೆಲುಗಳಲ್ಲಿ ಸಿಗುವ ಬಾಳೆಕಾಯಿ ಪೋಡಿ, ಜೀಗುಜ್ಜೆ ಪೋಡಿ ಈ ಬಗೆಯವು, ಇದು ನಿಮ್ಮ ಬಜ್ಜಿಯೇ. ಇನ್ನೊಂದು, ಕೊಂಕಣಿ ಮನೆಗಳಲ್ಲಿ ಮಾಡುವ ಬಗೆ. ತರಕಾರಿಯನ್ನು ತೆಳ್ಳಗೆ ಹೆಚ್ಚಿ, ಮೆಣಸಿನ ಪುಡಿ, ಇಂಗು, ಉಪ್ಪು ಸವರಿ ಸ್ವಲ್ಪ ಹೊತ್ತು ಬಿಟ್ಟು, ಅಕ್ಕಿ ಹಿಟ್ಟಿನಲ್ಲೋ ಸಣ್ಣ ರವೆಯಲ್ಲೋ ಎರಡೂ ಬದಿ ಒತ್ತಿ, ಕಾವಲಿಯ ಮೇಲೆ ಹರಡಿ, ಸುತ್ತಲೂ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸುತ್ತಾರೆ. ಇಲ್ಲಿ ಎಷ್ಟು ಎಣ್ಣೆ ಬಿಟ್ಟೆವೆಂಬುದು ನಮ್ಮ ಚಮಚಕ್ಕೆ ಗೊತ್ತಿರುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಎಂಟು ಹತ್ತು ಹೋಳುಗಳು ಚೆನ್ನಾಗಿ ಆಗುತ್ತವೆ.

ಜೀಗುಜ್ಜೆ ಇದಕ್ಕೆ ಹೇಳಿ ಮಾಡಿಸಿದ ಕಾಯಿ. ಘಟ್ಟದ ಮೇಲಿನವರು ದೀವಿ ಹಲಸು ಎಂದೂ ಕೇಳಿರಬಹುದು. ಪೆಸಿಫಿಕ್ ದ್ವೀಪಗಳ ಮೂಲದ ಈ ಮರ ನಮ್ಮ ಹಿತ್ತಿಲುಗಳಿಗೆ ಎಷ್ಟು ಒಗ್ಗಿಕೊಂಡಿದೆಯೆಂದರೆ, ಅದು ಹೊರಗಿನದೆಂದು ಹೇಳಿದರೆ ನಮ್ಮ ಹಿರಿಯರು ನಂಬುವುದೇ ಇಲ್ಲ. ಅದರಲ್ಲಿ ಪಿಷ್ಟ ಹೆಚ್ಚು, ನಾರು ಮತ್ತು ಪೊಟ್ಯಾಸಿಯಮ್ ಕೂಡ ಚೆನ್ನಾಗಿದೆ. ಕಾವಲಿಯ ಮೇಲೆ ಹೊರಗೆ ಗರಿಯಾಗಿ ಒಳಗೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಹೋಳು ಮಾಡಿದ ಕೂಡಲೇ ನೀರಿಗೆ ಹಾಕದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ.

ಸುವರ್ಣಗೆಡ್ಡೆಯ ಪೋಡಿಯನ್ನು ಮೊದಲ ಸಲ ಮಾಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುತ್ತವೆ, ನಾಲಿಗೆ ಗಂಟಲು ತುರಿಸುವುದು ಅವುಗಳಿಂದ. ಹೋಳುಗಳನ್ನು ಹುಣಸೆ ನೀರಿನಲ್ಲಿ ನೆನೆಸಿ ಅಥವಾ ಹುಣಸೆ ಹಾಕಿ ಅರೆಬೇಯಿಸಿಕೊಂಡು ಆಮೇಲೆ ಮಸಾಲೆ ಸವರುವುದು ನಮ್ಮಲ್ಲಿಯ ಕ್ರಮ. ಮೂತ್ರಪಿಂಡದಲ್ಲಿ ಕಲ್ಲಾಗಿರುವವರು ಈ ಗೆಡ್ಡೆಯನ್ನು ವೈದ್ಯರಲ್ಲಿ ಕೇಳಿಯೇ ತಿನ್ನುವುದು ಒಳ್ಳೆಯದು.

ಪದಮೂಲ

ಹೆಸರಿನ ಪ್ರಶ್ನೆಗೆ ಉತ್ತರಿಸುವ ಆಸೆ ನನ್ನದು. ಮೇಲೆ ಜೀಗುಜ್ಜೆಯವರು ಹೇಳಿದ ವ್ಯತ್ಯಾಸ ಆ ಹೆಸರುಗಳಲ್ಲೇ ಅಡಗಿದೆ. ಮರಾಠಿ, ಕೊಂಕಣಿಗಳಲ್ಲಿ ಫೋಡ್ ಎಂದರೆ ಹೋಳು, ಕತ್ತರಿಸಿದ ತುಂಡು. ಆದ್ದರಿಂದ ಪೋಡಿ ಎನ್ನುವ ಹೆಸರು ಹೇಳುವುದು ತರಕಾರಿಯನ್ನು ಹೆಚ್ಚಿದ ರೀತಿಯನ್ನು. ಅದನ್ನು ಮುಳುಗಿಸಿ ಕರಿದರೂ ಕಾವಲಿಯಲ್ಲಿ ಕಾಯಿಸಿದರೂ ಹೆಸರಿಗೆ ಚ್ಯುತಿಯಿಲ್ಲ. ಬಜ್ಜಿ ಎನ್ನುವುದಾದರೋ ಬೆಂಕಿಯ ಕೆಲಸವನ್ನು ಹೇಳುವ ಪದ. ಸಂಸ್ಕೃತದಲ್ಲಿ ಹುರಿಯುವುದಕ್ಕೂ ಸುಡುವುದಕ್ಕೂ ಬಳಸುವ ‘ಭೃಜ್ಜ್’ ಎಂಬ ರೂಪದಿಂದ ಪ್ರಾಕೃತದ ಮೂಲಕ ಇಳಿದು ಮರಾಠಿಯಲ್ಲಿ ಭಜಿ, ಗುಜರಾತಿನಲ್ಲಿ ಭಜಿಯಾ, ನಮ್ಮಲ್ಲಿ ಬಜ್ಜಿ ಆಗಿದೆ. ಕನ್ನಡದಲ್ಲಿ ಸುಡು, ಹುರಿ, ಕರಿ ಎಂಬ ಮೂರು ಬೇರೆ ಬೇರೆ ಕ್ರಿಯಾಪದಗಳಿವೆ, ನಾವು ಅವನ್ನು ಎಂದೂ ಒಂದಕ್ಕೊಂದು ಬೆರೆಸುವುದಿಲ್ಲ. ಆದರೆ ಎರವಲು ಬಂದ ಬಜ್ಜಿ ಎಂಬ ಪದ ಮಾತ್ರ ಈ ಗಡಿಗಳನ್ನು ದಾಟಿ ನಿಂತಿದೆ. ಅದಕ್ಕೆ ಸಾಕ್ಷಿ ಬೇಕಿದ್ದರೆ ಹಳೆ ಮೈಸೂರಿನ ಮನೆಗಳಲ್ಲಿ ಮಾಡುವ ಸುಟ್ಟ ಬದನೆಕಾಯಿ ಬಜ್ಜಿಯನ್ನು ನೆನೆಯಿರಿ. ಗುಂಡು ಬದನೆಕಾಯಿಯನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಕಿವುಚಿ, ಹಸಿಮೆಣಸಿನಕಾಯಿ, ಈರುಳ್ಳಿ, ಮೊಸರು ಬೆರೆಸುವ ಆ ಬಜ್ಜಿಯಲ್ಲಿ ಕರಿಯುವ ಮಾತೇ ಇಲ್ಲ. ಎಣ್ಣೆಯಲ್ಲಿ ಕರಿದದ್ದನ್ನು ಆ ಕಡೆ ಹಲವರು ಬೋಂಡ ಎನ್ನುವುದಕ್ಕೆ, ಬಜ್ಜಿ ಎಂಬ ಹೆಸರನ್ನು ಈ ಅಡುಗೆ ಮೊದಲೇ ತೆಗೆದುಕೊಂಡಿದ್ದುದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಇತಿಹಾಸದ ಮಾತಿಗೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದ್ದು, ಕಡಲೆ ಹಿಟ್ಟಿಗೆ ಇಂಗು, ಉಪ್ಪು, ಮೆಣಸು ಮುಂತಾದವನ್ನು ಬೆರೆಸಿ ಎಣ್ಣೆಯಲ್ಲಿ ಕರಿಯುವ ತಿಂಡಿಯ ವಿವರ ಅದರಲ್ಲಿದೆ. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲೇ ಬರೆದ ‘ಸೂಪಶಾಸ್ತ್ರ’ವು ಹಿಟ್ಟಿನ ತಿಂಡಿಗಳನ್ನೂ ಬದನೆ, ಬಾಳೆ, ಹಲಸುಗಳ ಅಡುಗೆಗಳನ್ನೂ ಷಟ್ಪದಿಯಲ್ಲಿ ಹೇಳುತ್ತದೆ. ನಮ್ಮ ನೆಲದ ಅಡುಗೆಯ ಬಗ್ಗೆ ಇಷ್ಟು ಹಿಂದಿನ ಬರಹ ಉಳಿದಿರುವುದು ನಮ್ಮ ಭಾಗ್ಯ.

ಸೋಮೇಶ್ವರನ ತಿಂಡಿಯ ಖಾರ ಕಾಳುಮೆಣಸಿನದು ಎಂಬುದನ್ನು ಗಮನಿಸಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಬಂದ ಮೇಲೆ, ಅಂದರೆ 16ನೆಯ ಶತಮಾನದಲ್ಲಿ ಇಲ್ಲಿ ಹಬ್ಬಿದ್ದು. ಅದು ಮೆಣಸಿನಂತೆ ಖಾರವಿರುವ ಕಾಯಿಯಾದ್ದರಿಂದ ನಾವು ಇದ್ದ ಹೆಸರನ್ನೇ ಹಿಗ್ಗಿಸಿ ಮೆಣಸಿನಕಾಯಿ ಎಂದೆವು. ಆಲೂಗಡ್ಡೆಯೂ ಹಾಗೆಯೇ ಬಂದದ್ದು, ಕರಾವಳಿಯ ಬಟಾಟೆ ಎಂಬ ಹೆಸರು ಪೋರ್ಚುಗೀಸರ ಮಾತನ್ನೇ ಉಳಿಸಿಕೊಂಡಿದೆ. ಹಾಗಾಗಿ ಬದನೆ, ಹೀರೆ, ಬಾಳೆಕಾಯಿಗಳ ಬಜ್ಜಿಗೆ ಇರಬಹುದಾದ ವಯಸ್ಸು ಆಲೂಗಡ್ಡೆಯ ಬಜ್ಜಿಗೂ ಮೆಣಸಿನಕಾಯಿ ಬಜ್ಜಿಗೂ ಇರಲು ಸಾಧ್ಯವಿಲ್ಲ.

ಖಾರಮಂಡಕ್ಕಿ

ಮೆಣಸಿನಕಾಯಿಯ ವಯಸ್ಸು ಕಡಿಮೆಯಿರಬಹುದು, ಆದರೆ ದಾವಣಗೆರೆಯಿಂದ ಧಾರವಾಡದವರೆಗೆ ಸಂಜೆಯಾದರೆ ಅದರದೇ ರಾಜ್ಯಭಾರ. ನಮ್ಮ ಕಡೆ ದಪ್ಪ ತಿರುಳಿನ, ತಿಳಿಹಸಿರು ಬಣ್ಣದ, ಖಾರ ಕಡಿಮೆ ಇರುವ ಕಾಯಿಯನ್ನು ಸೀಳಿ ಜೀರಿಗೆ, ಉಪ್ಪು, ಹುಣಸೆ ಅರೆದು ತುಂಬಿ ಕರಿಯುತ್ತಾರೆ. ಖಾರ ಹೆಚ್ಚಾಗಿ ನೆಲೆಸಿರುವುದು ಬೀಜ ಅಂಟಿರುವ ಬಿಳಿ ದಿಂಡಿನಲ್ಲಿ, ಅದನ್ನು ಬಿಡಿಸಿಬಿಟ್ಟರೆ ವಯಸ್ಸಾದವರಿಗೂ ತಡೆದುಕೊಳ್ಳಲಾಗುತ್ತದೆ. ಜೊತೆಗೆ ಮಂಡಕ್ಕಿ ಇರುವುದರಲ್ಲಿ ಒಂದು ವಿವೇಕ ನನಗೆ ಕಾಣುತ್ತದೆ: ಮಂಡಕ್ಕಿಯನ್ನು ಅರಳಿಸುವುದು ಬಿಸಿ ಮರಳಿನಲ್ಲಿ, ಅದಕ್ಕೆ ಎಣ್ಣೆ ತಾಗುವುದು ಒಗ್ಗರಣೆಯಲ್ಲಿ ಮಾತ್ರ. ತಟ್ಟೆ ತುಂಬ ಮಂಡಕ್ಕಿಗೆ ಎರಡು ಮೆಣಸಿನಕಾಯಿ ಎಂಬ ಲೆಕ್ಕದಲ್ಲಿ ತಿಂದರೆ ಹೊಟ್ಟೆ ತುಂಬುವುದು ಮಂಡಕ್ಕಿಯಿಂದ. ಬರಿಯ ಬಜ್ಜಿಯನ್ನೇ ತಟ್ಟೆಗಟ್ಟಲೆ ತಿನ್ನುವ ಪದ್ಧತಿ ನಮ್ಮಲ್ಲಿ ಮೊದಲು ಇರಲಿಲ್ಲ.

ಹೀರೆಬಳ್ಳಿ (ಮತ್ತೆ ಕೇಳುತ್ತಿರುವುದು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ತಂದೆಯವರಿಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಸುಟ್ಟ ಬದನೆಕಾಯಿ ಬಜ್ಜಿಯ ಮಾತು ಬಂದಾಗ, ತಮ್ಮ ಅಜ್ಜಿ ಒಲೆಯ ಬೂದಿಯಲ್ಲಿ ಬದನೆಕಾಯಿ ಹೂತಿಡುತ್ತಿದ್ದುದನ್ನು ನೆನೆದು ಬಹಳ ಹೊತ್ತು ಮಾತಾಡಿದರು. ಅಳತೆಬಟ್ಟಲು ಅವರಲ್ಲಿ ಇನ್ನೆರಡು ಪ್ರಶ್ನೆಗಳಿವೆ. ವಾರಕ್ಕೊಮ್ಮೆ ಎಷ್ಟು ಬಜ್ಜಿಯವರೆಗೆ ಒಪ್ಪಬಹುದು? ಕರಿದು ಉಳಿದ ಎಣ್ಣೆಯನ್ನು ನಾವು ಡಬ್ಬಿಯಲ್ಲಿಟ್ಟು ಮುಂದಿನ ಸಲಕ್ಕೆ ಬಳಸುತ್ತೇವೆ, ಅದು ಸರಿಯೇ?

ಅಳತೆಬಟ್ಟಲು

ಎರಡನೆಯ ಪ್ರಶ್ನೆ ಹೆಚ್ಚು ಗಂಭೀರವಾದದ್ದು, ಅದಕ್ಕೇ ಮೊದಲು ಉತ್ತರಿಸುತ್ತೇನೆ. ಒಮ್ಮೆ ಕಾದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಗಾಳಿ, ನೀರು, ಬಿಸಿ ಮೂರೂ ಸೇರಿ ಅದನ್ನು ಒಡೆಯುತ್ತವೆ. ಹಾಗೆ ಒಡೆದು ಹುಟ್ಟುವ ವಸ್ತುಗಳನ್ನು ಒಟ್ಟಾಗಿ ಧ್ರುವೀಯ ಸಂಯುಕ್ತಗಳೆಂದು ಅಳೆಯುತ್ತಾರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ, 2018ರ ಜುಲೈ 1ರಿಂದ, ಈ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿರುವುದಿಲ್ಲವಾದ್ದರಿಂದ ಕಣ್ಣು ಮೂಗುಗಳನ್ನೇ ನಂಬಬೇಕು: ಎಣ್ಣೆ ಕಪ್ಪಾಗಿದ್ದರೆ, ಜಿಗುಟಾಗಿದ್ದರೆ, ಕರಿಯುವಾಗ ನೊರೆ ಕಟ್ಟಿ ಇಳಿಯದಿದ್ದರೆ, ಮೊದಲಿಗಿಂತ ಬೇಗ ಹೊಗೆಯಾಡಿದರೆ ಅದನ್ನು ಬಿಡಬೇಕು. ನನ್ನ ಸಲಹೆಯೆಂದರೆ, ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು ನಾಲ್ಕು ನಾಲ್ಕಾಗಿ ಕರಿಯಿರಿ, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಹಳೆಯ ಎಣ್ಣೆಗೆ ಹೊಸದನ್ನು ಸುರಿದು ತುಂಬಿಸುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು, ಹಳೆಯದರ ಕೆಡುಕು ಹೊಸದನ್ನೂ ಬೇಗ ಹಿಡಿಯುತ್ತದೆ.

ಇನ್ನು ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೊಕ್ಯಾಲೊರಿಯ ಒಂದು ದಿನದ ಊಟಕ್ಕೆ ಎಣ್ಣೆ ಮತ್ತು ಕೊಬ್ಬು 27 ಗ್ರಾಂ ಎಂದಿದೆ. ಇದರಲ್ಲಿ ಒಗ್ಗರಣೆ, ತುಪ್ಪ, ದೋಸೆಗೆ ಹಾಕುವ ಎಣ್ಣೆ ಎಲ್ಲವೂ ಸೇರಿದವು. ನಾನು ಮೊದಲು ಹಿಡಿದ 4 ಗ್ರಾಂ ಲೆಕ್ಕದಲ್ಲಿ ಐದು ಬಜ್ಜಿ ತಿಂದರೆ 20 ಗ್ರಾಂ ಅಲ್ಲಿಗೇ ಮುಗಿಯಿತು. ಎರಡು ಬಜ್ಜಿಯಾದರೆ 8 ಗ್ರಾಂ, ಆ ದಿನದ ಪಲ್ಯ ಸಾರುಗಳಲ್ಲಿ ಎಣ್ಣೆ ಹಿಡಿತದಲ್ಲಿದ್ದರೆ ಅದಕ್ಕೆ ಜಾಗ ಸಿಗುತ್ತದೆ. ಆದರೆ ನಿಮ್ಮ ತಂದೆಯವರ ರಕ್ತಪರೀಕ್ಷೆಯ ಅಂಕಿಗಳನ್ನು ನೋಡಿದವರು ಅವರ ವೈದ್ಯರು; ಎರಡೋ, ಒಂದೋ, ಸದ್ಯಕ್ಕೆ ಬೇಡವೋ ಎಂಬ ಮಾತು ಅವರ ಬಾಯಿಂದಲೇ ಬರಬೇಕು. ಉಪ್ಪನ್ನೂ ಮರೆಯಬೇಡಿ: ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಬಜ್ಜಿಯ ಹಿಟ್ಟಿನ ಜೊತೆಗೆ ಚಟ್ನಿಯ ಉಪ್ಪೂ ಸೇರಿಕೊಳ್ಳುತ್ತದೆ.

ಆಲೂಗಡ್ಡೆ ಬಜ್ಜಿ ಮಾಡುವವರಿಗಾಗಿ ಇನ್ನೊಂದು ವಿಷಯ. ಪಿಷ್ಟವಿರುವ ತರಕಾರಿಯನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಈ ವಸ್ತು ಹೆಚ್ಚುತ್ತದೆ. ಹೊರಗೇ ಇಟ್ಟ ಆಲೂಗಡ್ಡೆಯನ್ನು ಬಳಸಿ, ಬಿಲ್ಲೆಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣ ಬಂದೊಡನೆ ತೆಗೆದುಬಿಡಬೇಕು; ಕಂದುಬಣ್ಣದವರೆಗೆ ಕಾಯಬಾರದು.

ಹೀರೆಬಳ್ಳಿ

ನಿನ್ನೆ ಸಂಜೆ ನೀವು ಹೇಳಿದಂತೆ ಬಾಣಲೆಯನ್ನು ತಂದೆಯವರ ಎದುರಿನಲ್ಲೇ ತೂಗಿದೆವು. ಸೋಡಾ ಹಾಕಲಿಲ್ಲ, ಅಕ್ಕಿ ಹಿಟ್ಟು ಬೆರೆಸಿದೆವು, ಪ್ರತಿಯೊಂದನ್ನೂ ಬಸಿದು ತೆಗೆದೆವು. ಅಂಕಿಯನ್ನು ಅವರೇ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ವಾರ ಹಳೆಯ ಕ್ರಮದಲ್ಲಿ ಸೋಡಾ ಹಾಕಿ ಮಾಡಿ ಎರಡನ್ನೂ ಹೋಲಿಸಬೇಕೆಂದು ಹೇಳಿದ್ದಾರೆ. ತಾವು ಎರಡು ಹೀರೆಕಾಯಿ ಬಜ್ಜಿ ತಿಂದು ಎದ್ದರು. ಅತ್ತಿಗೆಯವರು ಈ ಭಾನುವಾರ ಕಾವಲಿಯ ಮೇಲೆ ಬಾಳೆಕಾಯಿ ಪೋಡಿ ಮಾಡುವುದಾಗಿ ಒಪ್ಪಿಕೊಂಡಿದ್ದಾರೆ. ಜೀಗುಜ್ಜೆಯವರೇ, ಬಾಳೆಕಾಯಿಯನ್ನು ಅಡ್ಡಕ್ಕೆ ಹೆಚ್ಚಬೇಕೋ, ಉದ್ದಕ್ಕೋ?

ಜೀಗುಜ್ಜೆ

ಉದ್ದಕ್ಕೆ ಹೆಚ್ಚಿ, ಎರಡು ನಾಣ್ಯಗಳನ್ನು ಜೋಡಿಸಿಟ್ಟಷ್ಟು ದಪ್ಪಕ್ಕೆ. ಸಿಪ್ಪೆಯನ್ನು ಪೂರ್ತಿ ತೆಗೆಯದೆ ಮೇಲಿನ ಗೆರೆಗಳನ್ನಷ್ಟೇ ಹೆರೆಯಿರಿ. ಮಸಾಲೆ ಸವರಿದ ಮೇಲೆ ಹದಿನೈದು ನಿಮಿಷ ಬಿಟ್ಟರೆ ಹೋಳು ತಾನೇ ನೀರೊಡೆಯುತ್ತದೆ, ಆ ತೇವಕ್ಕೆ ರವೆ ಹಿಡಿದುಕೊಳ್ಳುತ್ತದೆ. ಕಾವಲಿಯನ್ನು ಮೊದಲು ಚೆನ್ನಾಗಿ ಕಾಯಿಸಿ, ಹೋಳುಗಳನ್ನಿಟ್ಟ ಮೇಲೆ ಉರಿ ಸಣ್ಣ ಮಾಡಿ, ಒಂದು ಬದಿ ಪೂರ್ತಿ ಕೆಂಪಾಗುವವರೆಗೆ ಮಗುಚಬೇಡಿ.